ಐನೂರ ಹದಿನಾಲ್ಕನೆಯ ಬಾಗಿಲು

ಗುರುವಾರವೇ ಗೊತ್ತಾಗಬೇಕಿತ್ತು.
ಪರದೆಯ ಮೇಲೆ ಒಂದು ಕೆಂಪಿಲ್ಲ, ಹಳದಿಯಿಲ್ಲ.
ಪುಣ್ಯ, ಎಂದುಕೊಂಡು ಕಾಫಿ ಬಗ್ಗಿಸಿಕೊಂಡೆ.
ಶುಕ್ರವಾರವೂ ಪುಣ್ಯ.
ಶನಿವಾರ, ಭಾನುವಾರ ಪುಣ್ಯವೋ ಪುಣ್ಯ.

ಸೋಮವಾರ ರಾತ್ರಿ ಹಾನುಸ್ ಗಸ್ತು ಮುಗಿಸಿ ಬಂದು
ಒದ್ದೆ ಕೈಗವಸು ಹೀಟರಿನ ಮೇಲೆ ಹರಡುತ್ತಾ ಕೇಳಿದ:
"ರಾನ್ವಾ, ಏಳನೇ ಫ್ಯಾನು ಕೆಮ್ಮುತ್ತಿದೆಯಲ್ಲ,
ನಿನ್ನ ಪೆಟ್ಟಿಗೆ ಏನೂ ಅನ್ನಲಿಲ್ಲವೇ?"

ಅನ್ನಲಿಲ್ಲ.
ಎರಡು ದ್ವೀಪಗಳ ನಡುವೆ, ಕಡಲ ತಳಕ್ಕೂ ಕೆಳಗೆ
ಆರು ಕಿಲೋಮೀಟರು ಸುರಂಗ.
ಅದರ ಫ್ಯಾನು, ಪಂಪು, ದೀಪ, ಗೇಟು
ಒಂದೊಂದಕ್ಕೂ ಒಂದು ಬಾಯಿ;
ಅಷ್ಟೂ ಬಾಯಿಗೆ ಒಂದೇ ಕಿವಿ, ಈ ಮೂಲೆಯ ಲಾಗ್ ಸರ್ವರು.
ಕಡತ ತೆರೆದರೆ ಕೊನೆಯ ಸಾಲು
ಬುಧವಾರದ್ದು, ಬೆಳಗಿನ ಜಾವ ಎರಡು ಹದಿಮೂರು:
ಪಂಪ್ ಮೂರು, ನೀರಿನ ಮಟ್ಟ ಸರಿ.
ಆಮೇಲೆ ಬರೀ ಬಿಳಿ.

ಹೇಳುವವರ ಬಾಯಿ ಬಿದ್ದುಹೋಯಿತೋ
ಕೇಳುವವರ ಕಿವಿ ಹೋಯಿತೋ
ಮೊದಲು ಅದು ಇತ್ಯರ್ಥವಾಗಬೇಕು.

ಬದುಕಿದ್ದೀಯಾ, ಎಂದು ಸ್ವಿಚ್ಚಿಗೆ ಪಿಂಗ್ ಕಳಿಸಿದೆ.
ಇದ್ದೇನೆ, ಎಂದಿತು ಮೂರು ಮಿಲಿಸೆಕೆಂಡಿನಲ್ಲಿ, ತುಸು ಸಿಡುಕಿ.
ಶಾಸ್ತ್ರಕ್ಕೆ ಕೇಬಲ್ಲು ಕಿತ್ತು ಮತ್ತೆ ಸಿಕ್ಕಿಸಿದೆ.
ಡಿಸ್ಕು ತುಂಬಿಲ್ಲ. ಗಡಿಯಾರ ಸರಿಯಿದೆ.
ಫೈರ್‌ವಾಲಿನ ಕಟ್ಟಳೆಗಳನ್ನು ಬೆರಳಿಟ್ಟು ಓದಿದೆ:
ಐನೂರ ಹದಿನಾಲ್ಕನೆಯ ಬಾಗಿಲಿಗೆ ಯಾರ ಕಾವಲೂ ಇಲ್ಲ.

ಕೊನೆಗೆ ತಂತಿಗೇ ಬಲೆ ಬೀಸಿದೆ.
ಮೊದಲ ಎಸೆತಕ್ಕೇ ತುಂಬಿತು:
ಏಳನೇ ಫ್ಯಾನು, ಬೇರಿಂಗ್ ಬಿಸಿ.
ಏಳನೇ ಫ್ಯಾನು, ಬೇರಿಂಗ್ ಬಿಸಿ.
ಹದಿನೇಳನೇ ದೀಪ ಹೋಗಿದೆ. ಏಳನೇ ಫ್ಯಾನು,
ಅಯ್ಯೋ, ಎಲ್ಲವೂ ಬರುತ್ತಿವೆ!
ಹೊಸ್ತಿಲ ತನಕ ಬಂದು, ಕದ ತಟ್ಟಿ
ಒಳಗಿಂದ ಯಾರೂ ಓ ಎನ್ನದೆ
ನಿಂತಲ್ಲೇ ಇಲ್ಲವಾಗುತ್ತಿವೆ.

ಯುಡಿಪಿಯ ಜಾಯಮಾನವೇ ಅಷ್ಟು, ಎಂದೆ ಹಾನುಸ್‌ಗೆ.
ಕಾಗದ ಹಾಕುತ್ತದೆ, ಮುಟ್ಟಿತೇ ಎಂದು ವಿಚಾರಿಸುವುದಿಲ್ಲ.
"ನಮ್ಮ ಪಾದ್ರಿಯ ಹಾಗೆ," ಎಂದ.

ಮೂರೂವರೆಗೆ ಸಿಕ್ಕಿತು.
ಮಂಗಳವಾರ ರಾತ್ರಿ ಅಪ್‌ಡೇಟಿನ ಗುಂಡಿ ಒತ್ತಿ ಮನೆಗೆ ಹೋದವಳು ನಾನೇ;
ಹಳೆಯ ಸೆಟ್ಟಿಂಗಿನ ಮೇಲೆ ಹೊಸದು ಬಂದು ಕೂತಿದೆ.
'ಆಲಿಸುತ್ತಿದ್ದೇನೆ' ಎಂದೇ ತೋರಿಸುತ್ತಿತ್ತು, ಸುಳ್ಳೇನಲ್ಲ.
ಯಾರನ್ನು?
ನೂರ ಇಪ್ಪತ್ತೇಳು, ಸೊನ್ನೆ, ಸೊನ್ನೆ, ಒಂದು.
ಅಂದರೆ ತನ್ನನ್ನೇ.
ಆರು ದಿನ ತನ್ನ ಉಸಿರಿಗೆ ತಾನೇ ಕಿವಿಗೊಟ್ಟು
ಇಪ್ಪತ್ತು ನಿಮಿಷಕ್ಕೊಮ್ಮೆ, ಬೇರೊಂದು ಕಡತದಲ್ಲಿ,
ಎಚ್ಚರವಿದ್ದೇನೆ ಎಂದು ಗೀಟೆಳೆದುಕೊಂಡು
ಎಷ್ಟು ಅಚ್ಚುಕಟ್ಟಾಗಿ ಕೂತಿದೆ!

ಒಂದು ಸಾಲು ಅಳಿಸಿದೆ, ಒಂದು ಸಾಲು ಬರೆದೆ.
ಬಿಳಿಯ ಮೇಲೆ ದಬದಬ ಬಿದ್ದವು ಅಕ್ಷರಗಳು.
ಆದರೆ ಈಗಿನವು ಮಾತ್ರ.
ಆರು ದಿನದವು ಎಲ್ಲೂ ಉಳಿದಿಲ್ಲ,
ಒಮ್ಮೆ ಹೇಳಿದ್ದನ್ನು ಇಲ್ಲಿ ಯಾರೂ ಮತ್ತೆ ಹೇಳುವುದಿಲ್ಲ.

ಹಾನುಸ್ ಎದೆಯ ಜೇಬಿನಿಂದ ಪುಸ್ತಕ ತೆಗೆದ. ಪೆನ್ಸಿಲ್ಲು.
ಬುಧ: ಕೈಗವಸು ಒಂದು, ಎಡಗೈಯದು.
ಗುರು: ಒಳಗೆ ಕುರಿ. ಓಡಿಸಿದೆ.
ಶುಕ್ರ: ಏಳರಲ್ಲಿ ಸದ್ದು?
ಶನಿ: ಏಳರಲ್ಲಿ ಸದ್ದು.
ಭಾನು: ರಜೆ. ಮೊಮ್ಮಗಳ ಹುಟ್ಟುಹಬ್ಬ.

"ಶುಕ್ರವಾರವೇ ಬಾಯಿಬಿಟ್ಟು ಹೇಳಬಾರದಿತ್ತೇ?"
"ನಿನಗೆ ಗೊತ್ತೇ ಇರುತ್ತದೆ ಅಂದುಕೊಂಡೆ.
ಅಷ್ಟು ದೊಡ್ಡ ಪೆಟ್ಟಿಗೆ."

ಏಳನೆಯದನ್ನು ನಿಲ್ಲಿಸಿದೆ. ಅವನು ಟಾರ್ಚು ಹಿಡಿದು
ಮತ್ತೆ ಕಡಲ ಕೆಳಗಿಳಿದ.
ನಾನು ವರದಿ ಬರೆದೆ. ಕಾರಣ ಎಂಬಲ್ಲಿ ನನ್ನ ಹೆಸರು.
ಟೋರ್ಸ್‌ಹಾವ್ನಿನ ಕಚೇರಿಗೆ ಕಳಿಸಿ
ಮುಟ್ಟಿತೇ ಎಂದು ಕೇಳಲು ಫೋನೆತ್ತಿದೆ.
ಇನ್ನೂ ನಾಲ್ಕೂ ಹತ್ತು.
ರಿಂಗಾಗುತ್ತಿದೆ.