ಮೂರನೇ ಕಿಟಕಿ

ಮಂಡ್ಯದ ಕಾಲೇಜಿನಲ್ಲಿ ಮೂರನೇ ಕಿಟಕಿ ನನ್ನದು.
ಹತ್ತೊಂಬತ್ತು ವರ್ಷ ಇಲ್ಲೇ ಕೂತು
ಒಂದೇ ಮಾತಿಗೆ ನಾಲಗೆ ಪಳಗಿದೆ:
‘ಆದಾಯ ಪ್ರಮಾಣಪತ್ರ ತಂದ್ಯಾ?’

ಕೆರಗೋಡಿನ ತೇಜಾವತಿಗೂ ಹಾಗೇ ಅಂದೆ,
ತೊಂಬತ್ತೇಳು ಪರ್ಸೆಂಟಿನ ಅಂಕಪಟ್ಟಿಯ ಮೇಲೆ
ಟೀ ಲೋಟ ಇಟ್ಟುಕೊಂಡೇ.

ಮೂರು ಸಲ ನಾಡಕಚೇರಿ.
ಮೊದಲ ದಿನ ಸರ್ವರ್ ಇಲ್ಲ,
ಮರುದಿನ ಗ್ರಾಮಲೆಕ್ಕಿಗರಿಲ್ಲ,
ಕಡೆಗೆ ಅವಳವ್ವ ಪುಟ್ಟಲಿಂಗಿ
ಹಾಸ್ಟೆಲ್ಲಿನ ಮುದ್ದೆಕೋಲು ಬೇರೆಯವಳ ಕೈಗೆ ಕೊಟ್ಟು
ತಾನೇ ಹೋಗಿ ನಿಂತಳಂತೆ.

ಹುಡುಗಿ ಅದನ್ನು ನೂರಡಿ ರಸ್ತೆಯಲ್ಲಿ
ಲ್ಯಾಮಿನೇಷನ್ ಬೇರೆ ಮಾಡಿಸಿ ತಂದಿದ್ದಳು.

ಅಷ್ಟರಲ್ಲಿ ನಾನು ಸುತ್ತೋಲೆ ಓದಿದ್ದೆ.
ಕನ್ನಡಕ ಒರೆಸಿ ಮತ್ತೊಮ್ಮೆ ಓದಿದ್ದೆ.
ಇದು ಅಂಕಕ್ಕೆ ಕೊಡುವ ದುಡ್ಡು,
ಮನೆಯ ವರಮಾನ ಯಾರೂ ಕೇಳಿಲ್ಲ.
ಕೇಳಿದ್ದು ನಾನು.

ಹೇಳಿದೆ. ಬಯ್ಯಲಿ ಅಂತ ಕಾದೆ.
ಅವಳು ಹೊಳೆಯುವ ಆ ಕಾಗದವನ್ನು ವಾಪಸು ಎಳೆದುಕೊಂಡು
ಒಂದು ಸಾಲಿನ ಮೇಲೆ ಬೆರಳಿಟ್ಟಳು:
‘ನಮ್ಮವ್ವನ ದುಡಿಮೆ ವರ್ಸಕ್ಕೆ ಇಷ್ಟು ಅಂತ
ಸರ್ಕಾರದೋರು ಬರ್ದವ್ರೆ ಸಾರ್.
ಅವ್ವ ಓದಿಸ್ಕೊಂಡು ನಕ್ಬುಡ್ತು,
ಅಷ್ಟೊಂದಾ ಅಂತ.
ಇದು ಮನೇಲಿರ್ಲಿ ಬುಡಿ.’

ಅರ್ಜಿಗೆ ಸೀಲು ಒತ್ತಿದೆ.
ಮಸಿ ಒಣಗಿತ್ತು, ಎರಡು ಸಲ ಒತ್ತಬೇಕಾಯಿತು.
ಅಂಕಪಟ್ಟಿಯ ಮೇಲೆ ಲೋಟದ ದುಂಡು ಕಲೆ
ಹಾಗೇ ಉಳಿದಿತ್ತು.

ಸಾಲಿನಲ್ಲಿ ಮುಂದಿನ ಹುಡುಗ ಬಂದ.
ನಾಲಗೆ ಆಗಲೇ ಎದ್ದಿತ್ತು.
ಕಚ್ಚಿ ಹಿಡಿದು ಕೇಳಿದೆ:
‘ಯಾವ ಸ್ಕಾಲರ್‌ಶಿಪ್ಪಪ್ಪಾ, ನಿಂದು?’