ತ್ರಿಜ್ಯ

ರಸ್ತೆ ಅಗಲಕ್ಕೆ ಒಂಬತ್ತು ಅಡಿ.
ಕೆಂಪು ಬಣ್ಣದಲ್ಲಿ ಯಾರೋ ಗುರುತು ಹಾಕಿ ಹೋಗಿದ್ದಾರೆ.
ನಾನು ಪಾಲಿಕೆಯ ಟೇಪು ಹಿಡಿದು ಬಂದವಳು,
ಮಂಡಿಪೇಟೆಯ ಈ ಮನೆಯನ್ನು
ಹಾಳೆಗೆ ಇಳಿಸಲಿಕ್ಕೆ.

ಇಳಿಯುವುದಿಲ್ಲ.
ಮುಂಗೋಡೆ ನೆಟ್ಟಗೆ ಬಂದು
ಏನೋ ನೆನಪಾದವರ ಹಾಗೆ
ತಿರುಗಿಬಿಡುತ್ತದೆ.

ನೆತ್ತಿಯಲ್ಲಿ ಸಿಮೆಂಟಿನ ಅಂಕಿ, ೧೯೩೭.
ಏಳರ ಕೊಕ್ಕೆಯಲ್ಲಿ ಕಣಜದ ಮಣ್ಣುಗೂಡು.
ಅದರ ಕೆಳಗೆ ಗೋಡೆಯುದ್ದ ಮೂರು ಗೆರೆ,
ಮನೆ ಎಲ್ಲಿಗೋ ಓಡುತ್ತಿರುವಂತೆ.
ದುಂಡು ಕಿಟಕಿ ಎರಡು, ಹಡಗಿನವು.
ಸಮುದ್ರ ಮಾತ್ರ ಇಲ್ಲ,
ಎದುರಿಗೆ ಒಣಮೆಣಸಿನಕಾಯಿ ಗೋದಾಮು.

"ನಮ್ಮಜ್ಜ ಕೊಟ್ರಬಸಪ್ಪ ಬೊಂಬಾಯಿಗೆ ಹೋದೋರು
ಹತ್ತಿ ಮಾರಿ ಮನೆ ನೋಡ್ಕಂಡು ಬಂದ್ರು,"
ಹೊಲಿಗೆ ಕ್ಲಾಸಿನ ಶಾಂತವೀರಮ್ಮ
ಮಂಡಕ್ಕಿ ತಟ್ಟೆ ಮುಂದಿಟ್ಟು ಹೇಳುತ್ತಾರೆ.
"ತೂಕದ ಚೀಟಿ ಹಿಂದೆ ಪೆನ್ಸಿಲ್ಲಲ್ಲಿ ಬರ್ಕಂಡಿದ್ರಂತೆ.
ಮೇಸ್ತ್ರಿ ಪೀರಾಸಾಬ ತಿರುವಿ ತಿರುವಿ ನೋಡಿ ಕೇಳಿದ್ನಂತೆ,
ಸಾವ್ಕಾರ್ರೆ, ಇದ್ರಾಗ ನೆತ್ತಿ ಯಾವುದು, ಪಾದ ಯಾವುದು?"

ತೊಲೆಯಿಲ್ಲ, ಬೋದಿಗೆಯಿಲ್ಲ, ಬಾಗಿಲಿಗೆ ಗಿಳಿಯಿಲ್ಲ.
ಕೋಡಿಲ್ಲದ ಎತ್ತು ಅಂತ ಊರು ನಕ್ಕಿತು.
ನಿಜಕ್ಕೂ ಕಷ್ಟವಾದದ್ದು ನೀಲವ್ವಜ್ಜಿಗೆ.
ಗೂಡಿಲ್ಲದ ಗೋಡೆ, ದೀಪ ಎಲ್ಲಿಡಲಿ?
ಮೂಲೆಯಿಲ್ಲದ ಕೋಣೆ, ಪೊರಕೆ ಎಲ್ಲಿ ನಿಲ್ಲಿಸಲಿ?
ಸಿಟ್ಟು ಬಂದಾಗ ನಾನೆಲ್ಲಿ ಕೂರಲಿ?

ನಲವತ್ತು ವರ್ಷ ಆ ದುಂಡಿಗೇ ಬೆನ್ನು ಕೊಟ್ಟು ಕೂತಳಂತೆ.
ಸುಣ್ಣದ ಮೇಲೆ ತಲೆಯೆಣ್ಣೆಯ ಮಸುಕು
ಇನ್ನೂ ಇದೆ. ಅದನ್ನೂ ಅಳೆದೆ.
ಎರಡಡಿ ಏಳಿಂಚು.
ನಕ್ಷೆಯಲ್ಲಿ ಅದಕ್ಕೆ ಗುರುತಿಲ್ಲ.

ಬಾಗು ಬರೆಯಲು ಕೇಂದ್ರ ಬೇಕು.
ದಾರ ಹಿಡಿದೆ, ಲೆಕ್ಕ ಹಾಕಿದೆ, ಎರಡು ಸಲ ತಪ್ಪಿದೆ.
ಮೂರನೆಯ ಸಲ ಬಂದದ್ದು
ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ.
ಹುಡುಗಿಯರು ಮೇಜು ಸರಿಸಿದರು.

ಕಾವಿನೆಲದಲ್ಲಿ ಕಬ್ಬಿಣದ ಗೂಟದ ತಲೆ,
ನಾಲ್ಕಾಣೆಯಷ್ಟು, ಸವೆದು ನುಣ್ಣಗೆ.
ಇಲ್ಲಿ ಹುರಿ ಕಟ್ಟಿ, ತುದಿಗೆ ಇದ್ದಿಲು ಹಿಡಿದು
ಪೀರಾಸಾಬ ನಡೆದಿದ್ದಾನೆ,
ಕಣದ ಮೇಟಿ ಸುತ್ತುವ ಎತ್ತಿನ ಹಾಗೆ.
ಸಾವ್ಕಾರರು ತಂದದ್ದು ಬೊಂಬಾಯಿ.
ಅವನು ಕಟ್ಟಿದ್ದು ಅರ್ಧ ಕಣ.
ಕೆಲಸ ಮುಗಿದ ಮೇಲೂ ಗೂಟ ಕಿತ್ತಿಲ್ಲ,
ನೆಲ ಹಾಕಿದವರೂ ಕೀಳಗೊಟ್ಟಿಲ್ಲ.

"ಅಂಬ್ರೆಲಾ ಲಂಗಕ್ಕೆ ನಾವೂ ಹಿಂಗೇರಿ,"
ರೇಷ್ಮಾಬಾನು ಬಗ್ಗಿ ಮುಟ್ಟಿ ನೋಡಿದಳು,
"ಸೊಂಟಕ್ಕೆ ಪಿನ್ನು, ತುದ್ಯಾಗ ಸೀಮೆಸುಣ್ಣ."

ಒಂಬತ್ತು ಅಡಿಯಲ್ಲಿ ಬಾಗು ಪೂರ್ತಿ ಹೋಗುತ್ತದೆ,
ಗೆರೆಗಳು, ಎಣ್ಣೆಯ ಮಸುಕು, ಏಳರ ಕೊಕ್ಕೆ.
ತ್ರಿಜ್ಯ ಹನ್ನೊಂದಡಿ ನಾಲ್ಕಿಂಚು.
ಗೂಟ ಉಳಿಯುತ್ತದೆ,
ಬೀದಿಯ ಅಂಚಿನಿಂದ ಎರಡು ಹೆಜ್ಜೆ ಒಳಗೆ.

ಷರಾ ಕಾಲಂ ಖಾಲಿ ಇತ್ತು.
ಅಲುಗಾಡಿಸಿ ನೋಡಿ
"ಗಟ್ಟಿಯಾಗಿದೆ" ಎಂದು ಬರೆದು
ಸಹಿ ಮಾಡಿದೆ.