ನೆಲಮಾಳಿಗೆಯ ತಪಶೀಲು

ತಾಂಪೆರೆಯ ನಮ್ಮ ಕಟ್ಟಡದಡಿ ಒಂದು ಕೋಣೆ,
ಬಾಂಬು ಬಿದ್ದರೆ ಅಡಗಲಿಕ್ಕೆಂದು ಹಿಂದಿನವರು ಕಟ್ಟಿಸಿದ್ದು.
ಮೊಳ ದಪ್ಪದ ಗೋಡೆ, ಕಬ್ಬಿಣದ ಕದ.
ಬಾಂಬು ಬೀಳಲಿಲ್ಲ. ನಾವು ಬಂದು ಬಿದ್ದೆವು:
ಡ್ರಮ್ ಬಡಿಯುವ ನಾನು, ಬೇಸಿನ ರೈಯಾ,
ಟ್ರಾಮ್ ಓಡಿಸುವ ಇಲ್ಪೊ, ಅವನ ಗಿಟಾರು.

ಗಿಟಾರುಗಳು ಎನ್ನಬೇಕು.

ಮೊದಲಿಗೆ ಒಂದೇ. ಕೊರಳಲ್ಲಿ ಬಿರುಕು ಬಿಟ್ಟಿದ್ದು.
ಚಳಿಗೆ ಅದರ ಶ್ರುತಿ ಇಳಿದರೆ
ರೈಯಾ ತಾನೂ ಒಂದು ಕೂದಲೆಳೆ ಇಳಿಸಿಕೊಳ್ಳುತ್ತಿದ್ದಳು.
ಆಮೇಲೆ ಬಂತು ಪೆಡಲು, ಹಸಿರು, ಸೋಪಿನ ಡಬ್ಬಿಯಷ್ಟು;
ತುಳಿದರೆ ತಂತಿ ಹೋರಿಯ ಹಾಗೆ ಗುಟುರು ಹಾಕುತ್ತಿತ್ತು.
ಮಗಳು ಐಲಿ, ಆಗ ಆರು ವರ್ಷ,
ಅಪ್ಪ ತಿರುಪನ್ನು ಎಲ್ಲಿಗೆ ನಿಲ್ಲಿಸುತ್ತಾನೋ ಸರಿಯಾಗಿ ಅಲ್ಲಿ
ಕೆಂಪು ನೇಲ್ ಪಾಲಿಶಿನ ಚುಕ್ಕೆ ಇಟ್ಟಳು.
ಇದೊಂದು ಸಾಕು, ಅಂದ ಇಲ್ಪೊ.
ಅಂದವನೇ ಸಾಕತೊಡಗಿದ.

ಬಾವಿಯೊಳಗಿಂದ ಕರೆದಂತೆ ಕೇಳಿಸುವುದೊಂದು.
ಆಡಿದ್ದನ್ನೇ ಮೂರು ಸಲ ಆಡುವುದೊಂದು, ನನ್ನ ಅತ್ತೆಯ ಹಾಗೆ.
ಇನ್ನೊಂದು ಏನು ಮಾಡುತ್ತದೋ, ಮಾಡಿದವನಿಗೂ ಗೊತ್ತಿರಲಿಕ್ಕಿಲ್ಲ;
ನೀಲಿ ದೀಪ ಮಾತ್ರ ಚೆನ್ನಾಗಿ ಹತ್ತುತ್ತದೆ.
ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.
ನಮ್ಮ ಇಲ್ಪೊ ಕುಣಿಯಬಲ್ಲ, ಸೊಗಸಾಗಿಯೇ,
ಆದರೂ ವಾರಕ್ಕೊಂದು ನೆಲ ಕೊಳ್ಳುತ್ತಾನೆ.

ಹೆರ್ವಾಂತದ ಕೊನೆಯ ನಿಲ್ದಾಣದಲ್ಲಿ
ಟ್ರಾಮಿಗೆ ಏಳು ನಿಮಿಷ ಬಿಡುವು.
ಹೊರಗೆ ಸೊನ್ನೆಗಿಂತ ಹದಿನೆಂಟು ಕೆಳಗೆ,
ಒಳಗೆ ಅವನು, ಮುಖದ ಮೇಲೆ ಫೋನಿನ ಬೆಳಕು.
ಲಾಹ್ತಿಯಲ್ಲಿ ಯಾರೋ ಮದುವೆಯ ಖರ್ಚಿಗೆ ಮಾರುತ್ತಿದ್ದಾನೆ,
ಕುವೊಪಿಯೊದಲ್ಲಿ ಯಾರೋ ತೀರಿಕೊಂಡಿದ್ದಾನೆ, ತಮ್ಮನಿಗೆ ಬೆಲೆ ತಿಳಿಯದು.
ಏಳು ನಿಮಿಷ ಧಾರಾಳವಾಯಿತು.
ಒತ್ತುವ ಆ ಬೆರಳ ತುದಿಯಲ್ಲಿರುತ್ತದಲ್ಲ,
ಇನ್ನೂ ನುಡಿಸದ ಹಾಡು,
ಅಷ್ಟು ಚೆನ್ನಾಗಿ ಅವನೆಂದೂ ನುಡಿಸಿದ್ದಿಲ್ಲ.

ನನ್ನನ್ನು ಕೇಳಬೇಡಿ. ನನ್ನ ಹತ್ತಿರ ಸಿಂಬಲ್ಲು ಎಂಟು.
ಮನೆಯಲ್ಲಿ ಹಾಗೆ ಹೇಳಿದ್ದೇನೆ.

ಫೆಬ್ರವರಿಯಲ್ಲಿ ಸಿರ್ಕ್ಕಾ ಚೀಟಿ ಅಂಟಿಸಿದಳು.
ಕಟ್ಟಡ ನೋಡಿಕೊಳ್ಳುವವಳು, ಮಾತಿಗಿಂತ ಬೀಗದ ಕೈ ಜಾಸ್ತಿ.
ತಪಾಸಣೆ: ಎಪ್ಪತ್ತೆರಡು ಗಂಟೆಯೊಳಗೆ ಕೋಣೆ ಖಾಲಿಯಾಗಬೇಕು,
ನಾಳೆಯೇ ಯುದ್ಧವೆಂಬಂತೆ.

ಹೊತ್ತೆವು. ಇಳಿಸಿ ಮತ್ತೆ ಹೊತ್ತೆವು.
ಅಂಗಳದ ಹಿಮದಲ್ಲಿ ಗಿಟಾರಿನ ಪೆಟ್ಟಿಗೆ ಹನ್ನೊಂದು,
ಸೈಕಲ್ ಸ್ಟ್ಯಾಂಡಿನುದ್ದಕ್ಕೂ ಪೆಡಲು ನಲವತ್ತು,
ಒಂದೊಂದರ ತಲೆಗೂ ಬಿಳಿ ಟೋಪಿ.
ಮೂರನೇ ಮಹಡಿಯ ಹುಡುಗ ಬೂಟಿನಿಂದ ಒಂದನ್ನು ಒತ್ತಿ
ಬಗ್ಗಿ ಕಿವಿಗೊಟ್ಟ. ಇದು ಏನು ಮಾಡುತ್ತೆ?
ದೊಡ್ಡ ಚರ್ಚಿನೊಳಗೆ ನುಡಿಸಿದ ಹಾಗೆ ಕೇಳಿಸುತ್ತೆ.
ಚರ್ಚು ಅಲ್ಲೇ ಇದೆಯಲ್ಲ, ಅಂದ, ಕೈ ತೋರಿಸಿ.

ಕಟ್ಟಕಡೆಗೆ ಸಿಕ್ಕಿದ್ದು ಒಂದು ಪಾರ್ಸೆಲ್ಲು,
ಬಂದು ಎರಡು ವರ್ಷ, ಬಿಚ್ಚಿರಲಿಲ್ಲ.
ಬಿಚ್ಚಿದ. ಹಸಿರು.
ಹೆಂಡತಿ ಬೇರೆಯಾದ ವರ್ಷ ಬಾಡಿಗೆಗೆಂದು
ಅರವತ್ತು ಯೂರೋಗೆ ಮಾರಿದ್ದನಲ್ಲ, ಅದೇ ಜಾತಿಯದು,
ಇನ್ನೂರು ಕೊಟ್ಟು ತರಿಸಿದ್ದು.
ತಿರುಪಿನ ಪಕ್ಕ ಕೆಂಪು ಚುಕ್ಕೆ, ಅರ್ಧ ಸವೆದು.

ಕೈಗವಸು ಕಳಚಿದ. ಉಗುರಿನಿಂದ ಮುಟ್ಟಿದ.
ಸಿರ್ಕ್ಕಾ ಪೆನ್ನು ಹಿಡಿದು ಕಾಯುತ್ತಿದ್ದಳು:
ಇದನ್ನು ಹಳೆಯದರಲ್ಲಿ ಬರೆಯಲೋ, ಹೊಸದರಲ್ಲೋ?

ಸಂಜೆ ಎಲ್ಲ ಒಳಗೆ ಸಾಗಿಸಿ, ಅದೊಂದನ್ನೇ ಜೋಡಿಸಿ,
ತಿರುಪನ್ನು ಚುಕ್ಕೆಗೆ ತಂದು, ಐಲಿಗೆ ಫೋನು ಮಾಡಿದ.
ಅವಳೀಗ ತುರ್ಕುವಿನ ಹಡಗೊಂದರಲ್ಲಿ ಅಡುಗೆಯವಳು.
ಕೇಳು, ಅಂದ. ತುಳಿದ.
ಏನಿಲ್ಲ. ಬ್ಯಾಟರಿ ಸತ್ತಿತ್ತು.

ಕಬ್ಬಿಣದ ಕದ ತೆರೆದೇ ಇತ್ತು.
ಫೋನಿನಾಚೆ ಹಡಗಿನ ಇಂಜಿನ್ನು, ಬಹಳ ತಗ್ಗಿನಲ್ಲಿ, ಒಂದೇ ಸ್ವರ.
ರೈಯಾ ಅದನ್ನು ತಡಕಿ, ದಪ್ಪ ತಂತಿಯ ಮೇಲೆ ಹಿಡಿದಳು.
ಸ್ವಲ್ಪ ಹೊತ್ತು ಬಿಡಲಿಲ್ಲ. ನಾನು ಕೋಲು ಎತ್ತಲಿಲ್ಲ.

ಬ್ಯಾಟರಿಯೇ ಬೇಡದ್ದೊಂದು ಬಂದಿದೆಯಂತೆ,
ಅಂದ ಇಲ್ಪೊ, ಆಮೇಲೆ.
ಎಷ್ಟಂತೆ?
ಕೇಳಿದ್ದು ನಾನೇ.